ಮಲಗಿದ ರಾಜಕುಮಾರ, ಎಬ್ಬಿಸುವ ರಾಜಕುಮಾರಿ: ಬದಲಾದದ್ದೇನು?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಶಾಲೆಯ ವಾರ್ಷಿಕೋತ್ಸವಕ್ಕೆಂದು ಒಂಬತ್ತನೆಯ ತರಗತಿಯ ಮಕ್ಕಳು ‘ನಿದ್ರಾಸುಂದರಿ’ಯ ಕಥೆಯನ್ನು ತಿರುಗಿಸಿ ನಾಟಕ ಬರೆದಿದ್ದಾರೆ. ಶಾಪಕ್ಕೆ ಸಿಕ್ಕಿ ನೂರು ವರ್ಷ ಮಲಗುವವನು ರಾಜಕುಮಾರ. ಕತ್ತಿ ಹಿಡಿದು, ಮುಳ್ಳುಕಾಡು ಕಡಿದು, ಅವನ ಹಣೆಗೆ ಮುತ್ತಿಟ್ಟು ಎಬ್ಬಿಸುವವಳು ರಾಜಕುಮಾರಿ. ನೂಲುವ ರಾಟೆಯ ಕದಿರು ಚುಚ್ಚುವ ಬದಲು ಬಾಣದ ಮೊನೆ ಚುಚ್ಚುತ್ತದೆ. ಶಾಪ ಕೊಡುವ ಮುದುಕಿ ಮಾತ್ರ ಮೊದಲಿನಂತೆಯೇ ಇದ್ದಾಳೆ. ತಾಲೀಮಿನಲ್ಲಿ ರಾಜಕುಮಾರನ ಪಾತ್ರದ ಹುಡುಗ ಮಲಗಿದ ಕೂಡಲೇ ಎಲ್ಲರೂ ನಗುತ್ತಾರೆ. ಅವನು ಪಾತ್ರವೇ ಬೇಡವೆನ್ನುತ್ತಿದ್ದಾನೆ. ಪೋಷಕರೊಬ್ಬರು, ಗಂಡುಮಕ್ಕಳನ್ನು ಕೈಲಾಗದವರಂತೆ ತೋರಿಸುವುದು ನಮ್ಮ ಸಂಸ್ಕೃತಿಯಲ್ಲ ಎಂದರು. ತರಗತಿಯ ಹುಡುಗಿಯೊಬ್ಬಳು, ‘ಹೆಸರು ಬದಲಾಯ್ತು, ಇನ್ನೇನು ಬದಲಾಯ್ತು ಮಿಸ್?’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಅದಲುಬದಲಿನಿಂದ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿರುವ ಎಲ್ಲ ಮಾತುಗಳಲ್ಲಿ ಆ ಹುಡುಗಿಯ ಪ್ರಶ್ನೆಯೇ ಹೆಚ್ಚು ತೂಕದ್ದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಕಥೆಯಲ್ಲಿ ಯಾರು ಯಾರನ್ನು ಕಾಪಾಡಿದರು ಎಂಬುದು ಎಲ್ಲರ ಕಣ್ಣಿಗೂ ಬೀಳುವ ಸಂಗತಿ. ಅದಕ್ಕಿಂತ ಮುಖ್ಯವಾದದ್ದು, ತೀರ್ಮಾನ ಮಾಡುವವರು ಯಾರು, ಯಾರನ್ನು ಕೇಳಿ ಮಾಡುತ್ತಾರೆ, ಕಷ್ಟಪಟ್ಟವರಿಗೆ ಕೊನೆಯಲ್ಲಿ ದಕ್ಕುವುದೇನು ಎಂಬುದು. ಮೊದಲನೆಯದನ್ನು ಬದಲಿಸಿ ಉಳಿದವನ್ನು ಹಾಗೆಯೇ ಬಿಟ್ಟರೆ ಕಥೆ ಅಲುಗಾಡುವುದಿಲ್ಲ. ನಿಮ್ಮ ವಿದ್ಯಾರ್ಥಿನಿ ಗಮನಿಸಿರುವುದು ಇದನ್ನೇ.

ನಿಮ್ಮ ಮಕ್ಕಳು ತಿರುಗಿಸಿರುವುದು ಯಾವ ಕಥೆಯನ್ನು ಎಂಬುದನ್ನೂ ನೋಡಬೇಕು, ಏಕೆಂದರೆ ನಿದ್ರಾಸುಂದರಿಯ ಕಥೆ ಒಂದಲ್ಲ. ಇಟಲಿಯ ನೇಪಲ್ಸ್‌ನ ಜಂಬತ್ತಿಸ್ತ ಬಸೀಲೆ ಎಂಬಾತನ ಕಥಾಸಂಗ್ರಹ, ಅವನು ತೀರಿಕೊಂಡ ಮೇಲೆ, 1634ರಿಂದ 1636ರ ನಡುವೆ ಪ್ರಕಟವಾಯಿತು. ಅದರಲ್ಲಿ ತಾಲಿಯಾ ಎಂಬ ಹುಡುಗಿ ನಾರಿನ ಎಳೆ ಉಗುರಿನಡಿ ಸಿಕ್ಕಿ ಪ್ರಜ್ಞೆ ತಪ್ಪುತ್ತಾಳೆ. ಬೇಟೆಗೆ ಬಂದ ರಾಜನೊಬ್ಬ ಆ ಸ್ಥಿತಿಯಲ್ಲಿಯೇ ಅವಳ ಮೇಲೆ ಎರಗಿ ಹೊರಟುಹೋಗುತ್ತಾನೆ. ನಿದ್ದೆಯಲ್ಲಿಯೇ ಅವಳಿಗೆ ಅವಳಿ ಮಕ್ಕಳಾಗುತ್ತವೆ. ಮೊಲೆ ಸಿಗದೆ ಬೆರಳು ಚೀಪಿದ ಮಗುವಿನ ಬಾಯಿಗೆ ಆ ನಾರು ಬಂದಾಗ ಅವಳಿಗೆ ಎಚ್ಚರವಾಗುತ್ತದೆ. ಅವಳನ್ನು ಎಬ್ಬಿಸಿದ್ದು ಹಸಿದ ಕೂಸು. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಈ ಕಥೆಯನ್ನು ಅರಮನೆಯವರು ಓದಲು ತಕ್ಕಂತೆ ತಿದ್ದಿದ. ಅವನ ರಾಜಕುಮಾರ ಮುತ್ತನ್ನೂ ಕೊಡುವುದಿಲ್ಲ, ನೂರು ವರ್ಷ ತುಂಬಿದ ಗಳಿಗೆಗೆ ಸರಿಯಾಗಿ ಬಂದು ಮಂಡಿಯೂರುತ್ತಾನೆ, ಅಷ್ಟೆ. ಮುತ್ತು ಬರುವುದು ಜರ್ಮನಿಯ ಗ್ರಿಮ್ ಸೋದರರ 1812ರ ಸಂಗ್ರಹದಲ್ಲಿ. ಅಲ್ಲಿಯೂ ಮುಳ್ಳಿನ ಬೇಲಿಗೆ ಸಿಕ್ಕಿ ಎಷ್ಟೋ ರಾಜಕುಮಾರರು ಸತ್ತಿರುತ್ತಾರೆ. ನಮ್ಮ ನಾಯಕ ಬಂದ ದಿನವೇ ನೂರು ವರ್ಷದ ಗಡುವು ಮುಗಿದಿರುವುದರಿಂದ ಮುಳ್ಳೆಲ್ಲ ಹೂವಾಗಿ ತಾವಾಗಿಯೇ ದಾರಿ ಬಿಡುತ್ತವೆ. ಅವನು ಕತ್ತಿ ಬೀಸುವ ಪ್ರಮೇಯವೇ ಬರುವುದಿಲ್ಲ. ಮುಳ್ಳು ಕಡಿದು, ಬೆಂಕಿಯುಗುಳುವ ಡ್ರ್ಯಾಗನ್ ಜೊತೆ ಕಾದಾಡುವ ರಾಜಕುಮಾರ ಲೋಕಪ್ರಸಿದ್ಧನಾದದ್ದು 1959ರ ಡಿಸ್ನಿ ಚಲನಚಿತ್ರದಿಂದ.

ಹೀಗಾಗಿ ನಿಮ್ಮ ಮಕ್ಕಳು ಹಳೆಯ ಜನಪದ ಕಥೆಯನ್ನು ತಿರುಗಿಸಿದ್ದಾರೆ ಎನ್ನುವುದಕ್ಕಿಂತ, ಚಲನಚಿತ್ರದ ಸಾಹಸವನ್ನು ಹುಡುಗಿಯ ಕೈಗೆ ಕೊಟ್ಟಿದ್ದಾರೆ ಎನ್ನುವುದು ಸರಿ. ಅದು ತಪ್ಪಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ರಂಗದ ಮೇಲೆ ಕತ್ತಿ ಹಿಡಿದು ನಿಲ್ಲುವ ಅನುಭವವೇ ದೊಡ್ಡದು, ಅದನ್ನು ಅವಳಿಂದ ಕಿತ್ತುಕೊಳ್ಳಬೇಡಿ. ಆದರೆ ಈ ಎಲ್ಲ ರೂಪಗಳಲ್ಲಿಯೂ ಕದಲದೆ ಉಳಿದಿರುವ ಒಂದು ಸಂಗತಿಯಿದೆ. ಮಲಗಿದವಳನ್ನು ಯಾರೂ ಏನನ್ನೂ ಕೇಳುವುದಿಲ್ಲ. ಹೆಚ್ಚು ಪರಿಚಿತವಾದ ಗ್ರಿಮ್ ರೂಪದಲ್ಲಿ ಶಾಪ ಬೇರೆಯವರದು, ಊರಿನ ಕದಿರುಗಳನ್ನೆಲ್ಲ ಸುಡಿಸುವ ಅಪ್ಪಣೆ ಅಪ್ಪನದು, ಆ ಶಾಪದ ವಿಷಯವನ್ನು ಮಗಳಿಗೆ ಹೇಳಿ ಎಚ್ಚರಿಸಬೇಕೆಂದು ಯಾರಿಗೂ ತೋಚುವುದಿಲ್ಲ, ಎಬ್ಬಿಸುವವನು ಅಪರಿಚಿತ, ಎದ್ದ ಮೇಲೆ ಮದುವೆ. ಈಗ ಆ ಜಾಗದಲ್ಲಿ ಹುಡುಗನನ್ನು ಮಲಗಿಸಿದ್ದೀರಿ, ಅವನನ್ನೂ ಯಾರೂ ಕೇಳುತ್ತಿಲ್ಲ. ಅನ್ಯಾಯ ಹಾಗೆಯೇ ಇದೆ, ಅದನ್ನು ಅನುಭವಿಸುವವರು ಬದಲಾಗಿದ್ದಾರೆ.

ಇನ್ನು ಸಂಸ್ಕೃತಿಯ ಮಾತು. ಮಲಗಿರುವ ಗಂಡು, ಅವನನ್ನು ಕಾಪಾಡುವ ಹೆಣ್ಣು ನಮ್ಮಲ್ಲಿ ಇಲ್ಲವೆಂದು ಆ ಪೋಷಕರು ತಿಳಿದಿದ್ದರೆ, ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಪ್ರಸಂಗವನ್ನು ಅವರಿಗೆ ನೆನಪಿಸಬೇಕು. ಗಮಕದಲ್ಲಿ, ಯಕ್ಷಗಾನದಲ್ಲಿ, ಹಳ್ಳಿಯ ನಾಟಕಗಳಲ್ಲಿ ನಮ್ಮ ಹಿರಿಯರು ಕೇಳಿ, ನೋಡಿ ಬೆಳೆದ ಕಥೆ ಅದು. ಕುಂತಳದ ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಪತ್ರ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುತ್ತಾನೆ. ತಂದವನಿಗೆ ವಿಷ ಕೊಡು ಎಂಬುದು ಒಳಗಿರುವ ಆಜ್ಞೆ. ದಾರಿಯ ಆಯಾಸದಿಂದ ಚಂದ್ರಹಾಸ ಊರ ಹೊರಗಿನ ಉಪವನದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ಅಲ್ಲಿಗೆ ಸಖಿಯರೊಂದಿಗೆ ಬಂದ ಮಂತ್ರಿಯ ಮಗಳು ವಿಷಯೆ ಅವನನ್ನು ನೋಡುತ್ತಾಳೆ, ಮನಸೋಲುತ್ತಾಳೆ, ಪತ್ರವನ್ನು ಬಿಡಿಸಿ ಓದುತ್ತಾಳೆ. ಅಪ್ಪ ಅವಸರದಲ್ಲಿ ಅಕ್ಷರ ತಪ್ಪಿರಬೇಕೆಂದು ಬಗೆದು, ವಿಷವನ್ನು ಕೊಡು ಎಂದಿದ್ದದ್ದು ವಿಷಯೆಯನ್ನು ಕೊಡು ಎಂದಾಗುವಂತೆ ತಿದ್ದಿ, ಪತ್ರವನ್ನು ಮೊದಲಿನಂತೆಯೇ ಇಟ್ಟು ಹೋಗುತ್ತಾಳೆ. ಅವನನ್ನು ಎಬ್ಬಿಸುವುದಿಲ್ಲ. ಎದ್ದ ಚಂದ್ರಹಾಸ ಪತ್ರವನ್ನು ಒಯ್ದು ಕೊಡುತ್ತಾನೆ, ಮದುವೆ ನಡೆಯುತ್ತದೆ.

ಇಲ್ಲಿ ಚೆಲುವು ಗಂಡಿನದು, ನಿದ್ದೆ ಗಂಡಿನದು, ನೋಟ ಹೆಣ್ಣಿನದು, ಆಯ್ಕೆಯೂ ಅವಳದೇ. ಅದಕ್ಕೆ ಅವಳು ಬಳಸುವುದು ಅಕ್ಷರಜ್ಞಾನವನ್ನು; ಓದಲು ಬಾರದ ವಿಷಯೆ ಚಂದ್ರಹಾಸನನ್ನು ಉಳಿಸುವುದು ಸಾಧ್ಯವೇ ಇರಲಿಲ್ಲ. ಚಂದ್ರಹಾಸ ಇದರಿಂದ ಕೈಲಾಗದವನಾದನೇ? ಅವನನ್ನು ವೀರನೆಂದೂ ಪರಮ ಭಕ್ತನೆಂದೂ ಕೇಳಿದವರೇ ಎಲ್ಲ. ಮದುವೆಗೆ ಅವನ ಒಪ್ಪಿಗೆಯನ್ನು ವಿಷಯೆಯೂ ಕೇಳಲಿಲ್ಲ ಎನ್ನುವುದು ನಿಜ, ಅದನ್ನು ಮಕ್ಕಳೊಂದಿಗೆ ಚರ್ಚಿಸಬಹುದು. ಆದರೂ ಮುಳ್ಳು ಕಡಿಯುವ ರಾಜಕುಮಾರಿಗಿಂತ ಅಕ್ಷರ ತಿದ್ದುವ ಈ ಹುಡುಗಿ ನನಗೆ ಹೆಚ್ಚು ಪ್ರಿಯಳು, ಏಕೆಂದರೆ ಅವಳು ಗಂಡಿನ ಸಾಹಸವನ್ನು ಎರವಲು ಪಡೆದವಳಲ್ಲ.

ಹೆಣ್ಣು ಗಂಡನ್ನು ಕಾಪಾಡಿದ ಮಾತ್ರಕ್ಕೆ ಅಧಿಕಾರ ಅವಳ ಕೈಗೆ ಬರುವುದಿಲ್ಲ ಎನ್ನುವುದಕ್ಕೂ ನಮ್ಮಲ್ಲಿಯೇ ಬಲವಾದ ಸಾಕ್ಷಿಯಿದೆ. ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಆಷಾಢದ ಅಮಾವಾಸ್ಯೆಯಂದು ಓದುವ ಭೀಮನ ಅಮಾವಾಸ್ಯೆಯ ವ್ರತಕಥೆಯನ್ನು ತೆಗೆದುಕೊಳ್ಳಿ. ತಂದೆ ತಾಯಿ ಮಗಳನ್ನು ಅಣ್ಣನ ಸುಪರ್ದಿಗೆ ಬಿಟ್ಟು ಕಾಶಿಗೆ ಹೋಗುತ್ತಾರೆ. ಅಷ್ಟರಲ್ಲಿ ರಾಜನ ಮಗ ಮದುವೆಯಾಗದೆ ಸಾಯುತ್ತಾನೆ; ಆ ಶವಕ್ಕೆ ಹೆಣ್ಣು ಕೊಟ್ಟವರಿಗೆ ಸಂಪತ್ತು ಕೊಡುವುದಾಗಿ ರಾಜ ಡಂಗುರ ಹೊಡೆಸುತ್ತಾನೆ; ಹಣದ ಆಸೆಗೆ ಅಣ್ಣ ತಂಗಿಯನ್ನು ಕೊಟ್ಟುಬಿಡುತ್ತಾನೆ. ಹೊಳೆಯ ದಂಡೆಯಲ್ಲಿ ಹೆಣದೊಂದಿಗೆ ಒಂಟಿಯಾಗಿ ಉಳಿದ ಆ ಹುಡುಗಿ, ತಾಯಿ ಮಾಡುತ್ತಿದ್ದ ವ್ರತವನ್ನು ನೆನಪಿಸಿಕೊಂಡು, ಮಣ್ಣಿನಲ್ಲೇ ದೀಪದ ಕಂಬ, ಮಣ್ಣಿನಲ್ಲೇ ಕಡುಬು, ಭಂಡಾರ (ಹಬ್ಬದಲ್ಲಿ ಒಳಗೆ ನಾಣ್ಯವಿಟ್ಟು ಮಾಡುವ, ಒಡೆಯುವ ಕಡುಬು) ಮಾಡಿ ಪೂಜಿಸುತ್ತಾಳೆ. ದಂಪತಿಗಳ ವೇಷದಲ್ಲಿ ಬಂದ ಶಿವಪಾರ್ವತಿಯರು ಭಂಡಾರ ಒಡೆದು ಹರಸುತ್ತಾರೆ, ಸತ್ತವನು ನಿದ್ದೆಯಿಂದ ಎದ್ದವನಂತೆ ಏಳುತ್ತಾನೆ.

ಕಣ್ಣು ಮುಚ್ಚಿದ ರಾಜಕುಮಾರ, ಅವನನ್ನು ಎಬ್ಬಿಸುವ ಹುಡುಗಿ: ನಿಮ್ಮ ಮಕ್ಕಳು ಹೊಸದಾಗಿ ಮಾಡಿದೆವೆಂದುಕೊಂಡ ಏರ್ಪಾಡು ಇಲ್ಲಿ ಸಂಪೂರ್ಣವಾಗಿಯೇ ಇದೆ. ಆದರೆ ಅವಳನ್ನು ಮಾರಿದವನು ಅಣ್ಣ, ಕೊಂಡವನು ರಾಜ. ಅವಳ ಭಕ್ತಿ, ಜಾಣ್ಮೆ, ಎದೆಗಾರಿಕೆಗಳೆಲ್ಲ ಮುಗಿಯುವುದು ಅವಳು ಕೇಳದೇ ಇದ್ದ ಮದುವೆಯನ್ನು ಉಳಿಸಿಕೊಳ್ಳುವುದರಲ್ಲಿ. ವ್ರತ ಆಚರಿಸುವವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಈ ಕಥೆಯನ್ನು ತಲೆಮಾರುಗಳ ಕಾಲ ಹೇಳಿಕೊಂಡು ಬಂದ ಹೆಂಗಸರು ಆ ಅಣ್ಣನ ದ್ರೋಹವನ್ನು ಮರೆಮಾಚಲಿಲ್ಲ ಎಂಬುದನ್ನೂ ಕಾಣುತ್ತೇನೆ. ಹಬ್ಬದ ದಿನ ಹೊಸ್ತಿಲ ಮೇಲಿನ ಭಂಡಾರವನ್ನು ಮೊಣಕೈಯಿಂದ ಒಡೆಯಬೇಕಾದವರು ಅಣ್ಣತಮ್ಮಂದಿರೇ ಎಂಬುದನ್ನು ಈ ಕಥೆಯ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಆದರೂ, ‘ಹೆಣ್ಣು ಕಾಪಾಡಿದಳು, ಆದ್ದರಿಂದ ಕಥೆ ಸಮಾನತೆಯದು’ ಎಂಬ ಸುಲಭದ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಮೈಸೂರಿನಲ್ಲಿ ಹುಟ್ಟಿದ ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಅವರು ಈ ಭಾಗದ ಅಜ್ಜಿಯರಿಂದ, ಅಡುಗೆಮನೆಯ ಹೆಂಗಸರಿಂದ ಕೇಳಿದ ಕಥೆಗಳನ್ನು ಆಧರಿಸಿ ಒಂದು ಮುಖ್ಯ ಮಾತನ್ನು ಹೇಳಿದ್ದಾರೆ. ಗಂಡು ನಾಯಕನಾದ ಕಥೆಯಲ್ಲಿ ಸಾಹಸದ ಕೊನೆಗೆ ಮದುವೆ ಬರುತ್ತದೆ. ಹೆಂಗಸರು ಹೇಳುವ, ಹೆಣ್ಣೇ ಕೇಂದ್ರದಲ್ಲಿರುವ ಕಥೆಗಳಲ್ಲಿ ಮದುವೆ ಮೊದಲೇ ಆಗಿ, ಕಷ್ಟ ಆಮೇಲೆ ಶುರುವಾಗುತ್ತದೆ. ಇದು ಅಡುಗೆಮನೆಯಿಂದ ನೋಡಿದ ಲೋಕ. ಯುರೋಪಿನ ರಾಜಕುಮಾರಿಯರ ಕಥೆ ಮುಗಿಯುವ ಜಾಗದಲ್ಲಿ ನಮ್ಮ ಹೆಂಗಸರ ಕಥೆಗೆ ಬಾಯಿ ಬರುತ್ತದೆ ಎನ್ನಬಹುದು.

ಅವರು ಸಂಗ್ರಹಿಸಿದ, ಹೂವಿನ ಮರವಾಗುವ ಹುಡುಗಿಯ ಕಥೆಯನ್ನು ನಿಮ್ಮ ತರಗತಿಯಲ್ಲಿ ಒಮ್ಮೆ ಹೇಳಿ. ಕೂಲಿನಾಲಿ ಮಾಡಿ ಸಾಕುವ ಮುದುಕಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಉಗುರು ತಾಗದಂತೆ ತಂದ ಎರಡು ಬಿಂದಿಗೆ ನೀರಿನಲ್ಲಿ ಒಂದನ್ನು ಮೈಮೇಲೆ ಸುರಿದರೆ ಕಿರಿಯವಳು ಘಮಘಮಿಸುವ ಹೂವಿನ ಮರವಾಗುತ್ತಾಳೆ. ಎಲೆ ಹರಿಯದಂತೆ, ಕೊಂಬೆ ಮುರಿಯದಂತೆ ಹೂ ಬಿಡಿಸಿಕೊಂಡು ಎರಡನೆಯ ಬಿಂದಿಗೆಯನ್ನು ಸುರಿದರೆ ಮತ್ತೆ ಹುಡುಗಿ. ಅಕ್ಕ ಇದನ್ನು ಜೋಪಾನವಾಗಿ ಮಾಡುತ್ತಾಳೆ, ತಾಯಿಗೆ ನೆರವಾಗಲೆಂದು ಹೂ ಮಾರುತ್ತಾರೆ. ಇದನ್ನು ಮರೆಯಲ್ಲಿ ನಿಂತು ನೋಡಿದ ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ನನಗಾಗಿ ಮರವಾಗು ಎಂದು ಹಟ ಹಿಡಿಯುತ್ತಾನೆ, ರಾತ್ರಿ ರಾತ್ರಿ ಹೂ ರಾಶಿ ಬೀಳುತ್ತದೆ. ಇದನ್ನು ಕಂಡುಹಿಡಿದ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು, ಗೆಳತಿಯರ ಮುಂದೆ ಮರವಾಗಿಸಿ, ಹೂವಿಗಾಗಿ ಕೊಂಬೆಗಳನ್ನು ಮುರಿದು, ಮಳೆ ಬಂದೊಡನೆ ಉಳಿದ ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡಿಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ. ಹೆಂಡತಿಯನ್ನು ಕಳೆದುಕೊಂಡ ರಾಜಕುಮಾರ ಬೈರಾಗಿಯಂತೆ ಅಲೆಯುತ್ತಾನೆ. ಕೊನೆಗೆ ಅವನ ಅಕ್ಕನ ಊರಿನಲ್ಲಿ ಇಬ್ಬರೂ ಸಿಕ್ಕಾಗ, ಅವನು ನೀರು ಸುರಿದು ಅವಳನ್ನು ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ಸರಿಯಾಗಿ ಕೂರಿಸಿ, ಎರಡನೆಯ ಬಿಂದಿಗೆಯನ್ನು ಸುರಿಯುತ್ತಾನೆ. ಅವಳು ಇಡಿಯಾಗಿ ಎದ್ದು ಬರುತ್ತಾಳೆ.

ನೀರು ಹೊಯ್ಯುವ ಕೆಲಸ ಯಾರ ಯಾರ ಕೈಗೆ ಹೋಯಿತು ಎಂಬುದನ್ನು ಮಕ್ಕಳಿಂದಲೇ ಹೇಳಿಸಿ. ಮೊದಲು ಅಕ್ಕ, ಅವಳಿಗೆ ತಂಗಿಯ ಮೈಯ ಕಾಳಜಿಯಿತ್ತು. ಆಮೇಲೆ ಗಂಡ, ಅವನಿಗೆ ಹೂವಿನ ಆಸೆಯಿತ್ತು. ಆಮೇಲೆ ನಾದಿನಿ, ಅವಳಿಗೆ ಆಟವಷ್ಟೇ ಬೇಕಿತ್ತು. ಕೊನೆಗೆ ಮತ್ತೆ ಅದೇ ಗಂಡ, ಈಗ ಅಕ್ಕ ತೋರುತ್ತಿದ್ದ ಜೋಪಾನವನ್ನು ಕಲಿತವನು. ಈ ಕಥೆಯಲ್ಲಿ ಕತ್ತಿ ಹೆಣ್ಣಿನ ಕೈಗೆ ಬರುವುದಿಲ್ಲ, ಬಿಂದಿಗೆ ಗಂಡಿನ ಕೈಗೆ ಬರುತ್ತದೆ. ಹೆಣ್ಣು ಗಂಡಿನ ಕೆಲಸ ಮಾಡುವುದನ್ನು ತೋರಿಸುವ ಮರುಕಥನಗಳು ಈಗ ಬೇಕಾದಷ್ಟು ಬರುತ್ತಿವೆ. ಹೆಣ್ಣಿನದೆಂದು ಬಿಟ್ಟ ಕೆಲಸವನ್ನು ಗಂಡು ಮನಸ್ಸಿಟ್ಟು ಮಾಡುವುದನ್ನು ತೋರಿಸುವ ಕಥೆಗಳು ಕಡಿಮೆ. ನನ್ನ ತಿಳಿವಳಿಕೆಯಲ್ಲಿ ಎರಡನೆಯದೇ ಹೆಚ್ಚು ಕಷ್ಟದ ಬದಲಾವಣೆ, ನಿಮ್ಮ ನಾಟಕಕ್ಕೆ ಬೇಕಾಗಿರುವುದೂ ಅದೇ.

ತಾಲೀಮಿನ ನಗುವಿಗೆ ಕಾರಣ ಇಲ್ಲಿಯೇ ಸಿಗುತ್ತದೆ. ಹುಡುಗ ಹೆಣ್ಣಿನ ಜಾಗದಲ್ಲಿ ಮಲಗಿದ ಕೂಡಲೇ ಅವನ ಅಂತಸ್ತು ಇಳಿಯಿತು ಎಂದು ನೋಡುವವರಿಗೆ ಅನ್ನಿಸುತ್ತದೆ. ಹುಡುಗಿ ಕತ್ತಿ ಹಿಡಿದಾಗ ಅವಳ ಅಂತಸ್ತು ಏರಿತು ಎಂದು ಅನ್ನಿಸುವುದರಿಂದ ಅಲ್ಲಿ ಚಪ್ಪಾಳೆ ಬೀಳುತ್ತದೆ. ಮೈಸೂರಿನಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣ, ದುರ್ಯೋಧನರ ಪಾತ್ರಗಳನ್ನು ವಹಿಸಿದರು. ಜನ ಅವರ ಗದೆಗೆ, ಗತ್ತಿಗೆ, ಕಂಠಕ್ಕೆ ಮೆಚ್ಚಿ ತಲೆದೂಗಿದರು. ಪಾತ್ರಧಾರಿ ಬದಲಾದರೂ ಕಥೆ ಬದಲಾಗದೆ ಇದ್ದ ಸಂದರ್ಭ ಅದು, ಆದರೂ ಅದು ದೊಡ್ಡ ಸಾಧನೆಯೇ. ಅದಕ್ಕೆ ಹೋಲಿಸಿದರೆ ನಮ್ಮ ಹಾಸ್ಯದೃಶ್ಯಗಳಲ್ಲಿ ಸೀರೆ ಉಟ್ಟ ಗಂಡಸಿಗೆ ಇಂದಿಗೂ ಸಿಗುವುದು ಗೇಲಿ. ಈ ವ್ಯತ್ಯಾಸವನ್ನು ಮಕ್ಕಳ ಮುಂದೆ ಬಿಚ್ಚಿಟ್ಟು, ‘ಹುಡುಗಿ ಮಲಗಿದ್ದಾಗ ನಾವು ಏಕೆ ನಗುತ್ತಿರಲಿಲ್ಲ?’ ಎಂದು ನೇರವಾಗಿ ಕೇಳಿ. ಆ ಹುಡುಗನನ್ನು ಪಾತ್ರಕ್ಕೆ ಬಲವಂತ ಮಾಡುವುದು ಬೇಡ. ಮೊದಲು ಪಾತ್ರಕ್ಕೆ ಏನಾದರೂ ಕೆಲಸ ಕೊಡಿ. ಈಗಿನ ರೂಪದಲ್ಲಿ ಅವನು ಮಾಡಬೇಕಾದದ್ದು ಬಿದ್ದುಕೊಂಡಿರುವುದು ಮಾತ್ರ, ಅದು ಯಾವ ನಟನಿಗೂ ಸಂತೋಷ ಕೊಡದು.

ಬಾಣದ ಮೊನೆಯ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ರಾಜಕುಮಾರ ರಾಟೆಯ ಮುಂದೆ ಕುಳಿತರೆ ಮರ್ಯಾದೆ ಹೋಗುತ್ತದೆಂದು ಮಕ್ಕಳಿಗೆ ತಿಳಿಯದೆಯೇ ಅನ್ನಿಸಿರಬೇಕು. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆದ ಜಿಲ್ಲೆ ನಿಮ್ಮದು. ಸ್ವಾತಂತ್ರ್ಯ ಹೋರಾಟದ, ಖಾದಿಯ ಆ ಕಾಲದಲ್ಲಿ ನೂಲು ತೆಗೆಯುವುದು ಗಂಡಸರಿಗೂ ಹೆಮ್ಮೆಯ ಕೆಲಸವಾಗಿತ್ತು. ಕದಿರನ್ನು ಮರಳಿ ತನ್ನಿ. ನೂಲುವುದನ್ನು ಕಲಿಯುವ ಆಸೆಯಿಂದಲೇ ರಾಜಕುಮಾರ ಅದನ್ನು ಮುಟ್ಟಲಿ, ಆಗ ಅವನಿಗೊಂದು ಮನಸ್ಸು ಇದೆಯೆಂದು ಮೊದಲ ದೃಶ್ಯದಲ್ಲಿಯೇ ಗೊತ್ತಾಗುತ್ತದೆ.

ಶಾಪ ಕೊಡುವ ಮುದುಕಿಯನ್ನು ಅದೇ ಜಾಗದಲ್ಲಿ ಬಿಟ್ಟಿರುವುದು ನನ್ನನ್ನು ಹೆಚ್ಚು ಕಾಡಿತು. ನಾಯಕ ನಾಯಕಿಯರು ಸ್ಥಾನ ಬದಲಿಸಿದರೂ ಕೆಡುಕು ಮಾತ್ರ ವಯಸ್ಸಾದ ಹೆಂಗಸಿಗೇ ಮೀಸಲಾಗಿದೆ. ಗ್ರಿಮ್ ಸೋದರರು 1812ರಿಂದ 1857ರವರೆಗೆ ಏಳು ಆವೃತ್ತಿಗಳಲ್ಲಿ ತಮ್ಮ ಕಥೆಗಳನ್ನು ತಿದ್ದುತ್ತ ಹೋದಾಗ ಇಂಥದ್ದೇ ಒಂದು ಕೆಲಸ ನಡೆಯಿತು: ಹಿಮಬಿಳುಪಿಯ (ಸ್ನೋ ವೈಟ್) ಕಥೆಯಲ್ಲಿ ಮೊದಲು ಹೆತ್ತ ತಾಯಿಯೇ ಮಗಳ ಚೆಲುವಿಗೆ ಕರುಬುತ್ತಿದ್ದಳು, ಎರಡನೆಯ ಆವೃತ್ತಿಯಲ್ಲಿ ಅವಳನ್ನು ಮಲತಾಯಿಯಾಗಿಸಿದರು. ತಾಯಿಯ ಹೆಸರು ಉಳಿಯಿತು, ಕೆಟ್ಟತನ ಇನ್ನೊಬ್ಬ ಹೆಂಗಸಿನ ಪಾಲಾಯಿತು. ನಿಮ್ಮ ನಾಟಕದಲ್ಲಿ ಶಾಪಕ್ಕೆ ಕಾರಣವಾದ ಅವಮಾನವನ್ನು ನೋಡಿ. ಗ್ರಿಮ್ ಕಥೆಯಲ್ಲಿ ಅರಮನೆಯಲ್ಲಿ ಚಿನ್ನದ ತಟ್ಟೆಗಳು ಹನ್ನೆರಡೇ ಇದ್ದುದರಿಂದ ಹದಿಮೂರನೆಯವಳನ್ನು ಔತಣಕ್ಕೆ ಕರೆಯದೆ ಬಿಡುತ್ತಾರೆ. ಆ ಮುದುಕಿಗೆ ತನ್ನ ನೋವನ್ನು ಹೇಳಿಕೊಳ್ಳಲು ಎರಡು ಮಾತು ಕೊಡಿ, ಅಥವಾ ಕರೆಯದೆ ಬಿಟ್ಟ ರಾಜನಿಂದ ಉತ್ತರ ಹೇಳಿಸಿ.

ಕೊನೆಯ ದೃಶ್ಯದಲ್ಲಿ ಮುತ್ತನ್ನು ಕೈಬಿಡಿ ಎಂಬುದು ನನ್ನ ಸ್ಪಷ್ಟ ಸಲಹೆ. ನಿದ್ದೆಯಲ್ಲಿರುವವರನ್ನು ಅವರ ಒಪ್ಪಿಗೆಯಿಲ್ಲದೆ ಮುಟ್ಟಬಾರದು ಎಂಬುದು ಹುಡುಗಿಗೆ ಹೇಗೋ ಹುಡುಗನಿಗೂ ಹಾಗೆಯೇ. ಪೆರೋನ ಕಥೆಯಂತೆ ಅವಧಿ ಮುಗಿದು ಅವನೇ ಏಳಬಹುದು, ಅಥವಾ ಅವಳು ಹೆಸರು ಹಿಡಿದು ಕೂಗಬಹುದು. ಎದ್ದ ಕೂಡಲೇ ಮದುವೆಯ ವಾದ್ಯ ಊದಿಸುವ ಅವಸರವೂ ಬೇಡ. 1980ರಲ್ಲಿ ರಾಬರ್ಟ್ ಮನ್ಷ್ ಬರೆದ ಇಂಗ್ಲಿಷ್ ಮಕ್ಕಳ ಪುಸ್ತಕವೊಂದರಲ್ಲಿ ಕಾಗದದ ಚೀಲ ತೊಟ್ಟು ಬಂದ ರಾಜಕುಮಾರಿ ರಾಜಕುಮಾರನನ್ನು ಡ್ರ್ಯಾಗನ್‌ನಿಂದ ಬಿಡಿಸುತ್ತಾಳೆ. ಅವನು ಅವಳ ಉಡುಪನ್ನು ಹೀಗಳೆದಾಗ ಮದುವೆಯನ್ನೇ ನಿರಾಕರಿಸಿ ನಡೆದುಬಿಡುತ್ತಾಳೆ. ಅಲ್ಲಿ ಕಥೆ ನಿಜವಾಗಿ ತಿರುಗುವುದು ಡ್ರ್ಯಾಗನ್ ಸೋತಾಗ ಅಲ್ಲ, ಅವಳು ಬೇಡವೆಂದಾಗ. ನಿಮ್ಮ ಮಕ್ಕಳೂ ಅದನ್ನೇ ಮಾಡಬೇಕೆಂದೇನಿಲ್ಲ. ನೂರು ವರ್ಷ ಮಲಗಿದ್ದವನಿಗೆ ಈಗ ಊರು ಗೊತ್ತಿಲ್ಲ, ಬಂಧುಗಳಿಲ್ಲ, ರಾಜ್ಯ ಯಾರದೋ ಗೊತ್ತಿಲ್ಲ. ಅವನು ಏನು ಕೇಳುತ್ತಾನೆ, ಮುಳ್ಳು ತರಚಿದ ಕೈಗಳಲ್ಲಿ ನಿಂತಿರುವ ಅವಳಿಗಾಗಿ ಮೊದಲು ಏನು ಮಾಡುತ್ತಾನೆ ಎಂಬ ದೃಶ್ಯವನ್ನು ಮಕ್ಕಳೇ ಬರೆಯಲಿ. ಆ ಹುಡುಗನಿಗೆ ನಟಿಸಲು ಸಿಗುವ ಜಾಗ ಅದು.

ಆಕ್ಷೇಪಿಸಿದ ಪೋಷಕರನ್ನು ಈ ಹೊಸ ದೃಶ್ಯದ ತಾಲೀಮಿಗೆ ಕರೆಯಿರಿ, ಚಂದ್ರಹಾಸನ ಪ್ರಸಂಗವನ್ನು ಅಂದೇ ಮಕ್ಕಳಿಂದ ಓದಿಸಿ. ಪ್ರಶ್ನೆ ಕೇಳಿದ ಹುಡುಗಿಗೆ ಯಾವ ಪಾತ್ರ ಕೊಟ್ಟಿದ್ದೀರೆಂದು ನೀವು ಬರೆದಿಲ್ಲ. ತಿದ್ದಿದ ನಾಟಕವನ್ನು ಅವಳ ಕೈಯಲ್ಲಿಯೇ ಬರೆಸುವುದು ಒಳ್ಳೆಯದು.